ಒಬ್ಬಳೇ ರಾಣಿ ಅಂತ ಇರದ ಹತ್ತು ವರ್ಷ

ಮಹಿಳಾ ಸಿಂಗಲ್ಸ್ ಬ್ಯಾಡ್ಮಿಂಟನ್ ಅಂದರೆ ಚೀನಾ, ಅಷ್ಟೇ ಅನ್ನುವ ಕಾಲ ಒಂದಿತ್ತು. 1995ರಿಂದ 2011ರವರೆಗಿನ ವಿಶ್ವ ಚಾಂಪಿಯನ್ನರ ಪಟ್ಟಿ ತೆಗೆದು ನೋಡಿ. ಯೆ ಝಾವೊಯಿಂಗ್, ಗಾಂಗ್ ರುಯಿನಾ, ಝಾಂಗ್ ನಿಂಗ್, ಶಿ ಶಿಂಗ್‌ಫಾಂಗ್, ಝು ಲಿನ್, ಲು ಲಾನ್, ವಾಂಗ್ ಲಿನ್, ವಾಂಗ್ ಯಿಹಾನ್. ನಡುವೆ 1999ರಲ್ಲಿ ಡೆನ್ಮಾರ್ಕಿನ ಕಾಮಿಲ್ಲಾ ಮಾರ್ಟಿನ್ ಒಬ್ಬಳು ಗೆದ್ದಿದ್ದಳು, ಅದೂ ಕೋಪನ್‌ಹೇಗನ್‌ನಲ್ಲಿ, ತನ್ನ ಜನರ ಮುಂದೆ. ಉಳಿದಂತೆ ಪ್ರತಿ ಸಲವೂ ಚೀನಾದವರೇ. ಒಲಿಂಪಿಕ್ಸ್‌ನಲ್ಲೂ ಹಾಗೇ. 2000, 2004, 2008, 2012, ನಾಲ್ಕೂ ಚಿನ್ನ ಅವರಿಗೇ ಹೋಯಿತು. ಬೇರೆ ದೇಶದ ಹುಡುಗಿ ಸೆಮಿಫೈನಲ್‌ಗೆ ಬಂದರೆ ಅಲ್ಲಿ ಒಬ್ಬ ಚೀನೀ ಆಟಗಾರ್ತಿ ಕಾಯುತ್ತಿರುತ್ತಿದ್ದಳು. ಅವಳನ್ನು ದಾಟಿದರೆ ಫೈನಲ್‌ನಲ್ಲಿ ಇನ್ನೊಬ್ಬಳು.

2011ರಲ್ಲಿ ಲಂಡನ್‌ನಲ್ಲಿ ವಾಂಗ್ ಯಿಹಾನ್ ಗೆದ್ದದ್ದೇ ಕೊನೆ. ಅಲ್ಲಿಂದ 2025ರವರೆಗೆ ಚೀನಾದ ಒಬ್ಬ ಹುಡುಗಿಯೂ ವಿಶ್ವ ಚಾಂಪಿಯನ್ ಆಗಿಲ್ಲ. ಅವರ ಆಟವೇನೂ ಕುಸಿಯಲಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೆನ್ ಯು ಫೀ ಚಿನ್ನ ಗೆದ್ದಳು, ಮೊದಲ ಹತ್ತು ರ‍್ಯಾಂಕಿನೊಳಗೆ ಅವರ ಆಟಗಾರ್ತಿಯರು ಯಾವಾಗಲೂ ಇರುತ್ತಾರೆ. ಆದರೆ ಆ ಗೋಡೆ ಒಮ್ಮೆ ಒಡೆದದ್ದು ಮತ್ತೆ ಎದ್ದು ನಿಲ್ಲಲಿಲ್ಲ. ಅದನ್ನು ಒಡೆದವರು ಯಾರು, ಎಲ್ಲಿಂದ ಬಂದರು ಅನ್ನೋದೇ ನನಗೆ ಈ ಆಟದಲ್ಲಿ ಅತಿ ಇಷ್ಟದ ವಿಷಯ. 2013ರಿಂದ 2022ರವರೆಗೆ ಎಂಟು ವಿಶ್ವ ಚಾಂಪಿಯನ್‌ಷಿಪ್ ನಡೆದವು. ಐದು ಜನ ಗೆದ್ದರು. ನಾಲ್ಕು ದೇಶದವರು. ಒಬ್ಬಳ ಆಟದ ಹಾಗೆ ಇನ್ನೊಬ್ಬಳ ಆಟ ಇರಲಿಲ್ಲ.

ಮೊದಲು ಒಡೆದವಳು ರಚನೋಕ್ ಇಂತಾನೊನ್. ಥಾಯ್ಲೆಂಡಿನವಳು. ಅವಳ ಅಪ್ಪ ಅಮ್ಮ ಬ್ಯಾಂಕಾಕಿನ ಒಂದು ಸಿಹಿತಿಂಡಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮೊಟ್ಟೆಯ ಹಳದಿಯನ್ನು ಕುದಿಯುವ ಸಕ್ಕರೆ ಪಾಕಕ್ಕೆ ಹನಿಹನಿಯಾಗಿ ಬಿಟ್ಟು ಮಾಡುವ ‘ಥಾಂಗ್ ಯೊಡ್’ ಅನ್ನುವ ತಿಂಡಿ ಅಲ್ಲಿ ತಯಾರಾಗುತ್ತಿತ್ತು. ಕೆಲಸದವರ ಮಗು ಕುದಿಯುವ ಪಾತ್ರೆಗಳ ಸುತ್ತ ಓಡಾಡಿದರೆ ಏನು ಗತಿ? ಕಾರ್ಖಾನೆಯ ಒಡತಿ ಕಮಲಾ ಥಾಂಗ್‌ಕಾರ್ನ್ ತನ್ನ ಮಕ್ಕಳಿಗಾಗಿ ಬ್ಯಾಡ್ಮಿಂಟನ್ ಕೋರ್ಟ್ ಮಾಡಿಸಿದ್ದರು. ಆರು ವರ್ಷದ ಹುಡುಗಿಯ ಕೈಗೆ ರ‍್ಯಾಕೆಟ್ ಕೊಟ್ಟು ಅಲ್ಲಿಗೆ ಕಳಿಸಿದರು. ಬಿಸಿ ಪಾಕದಿಂದ ದೂರ ಇರಲಿ ಅಂತ ಶುರುವಾದ ಆಟ ಅದು. ಆ ಹುಡುಗಿ 2009, 2010, 2011, ಸತತ 3 ಸಲ ಜೂನಿಯರ್ ವಿಶ್ವ ಚಾಂಪಿಯನ್ ಆದಳು. 2013ರ ಆಗಸ್ಟ್‌ನಲ್ಲಿ ಚೀನಾದ ಗುವಾಂಗ್‌ಝೌನಲ್ಲಿ, ಆ ಊರಿನ ಜನರೆದುರೇ, ಒಲಿಂಪಿಕ್ ಚಾಂಪಿಯನ್ ಲಿ ಶುಯೆರುಯಿಯನ್ನು 3 ಗೇಮ್‌ಗಳಲ್ಲಿ ಸೋಲಿಸಿದಳು. ಆಗ ಅವಳಿಗೆ 18 ವರ್ಷ.

ಇದನ್ನು ಓದುವಾಗ ನನಗೆ ಮಲ್ಲೇಶ್ವರದ ಕೆನರಾ ಯೂನಿಯನ್ ನೆನಪಾಗುತ್ತದೆ. ಪ್ರಕಾಶ್ ಪಡುಕೋಣೆ ಆಡಿ ಬೆಳೆದದ್ದು ಅಲ್ಲಿನ ಕಲ್ಯಾಣ ಮಂಟಪದಲ್ಲಿ. ಅಲ್ಲಿ ಮದುವೆ ಇದ್ದ ದಿನ ಆಟ ಇಲ್ಲ. ಅಲ್ಲಿಂದ ಹೊರಟವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಒಳ್ಳೆ ಕೋರ್ಟ್, ಒಳ್ಳೆ ಕೋಚ್, ಒಳ್ಳೆ ಊಟ ಎಲ್ಲವೂ ಬೇಕು, ನಿಜ. ಆದರೆ ಮೊದಲು ಒಬ್ಬರು ಮಗುವಿನ ಕೈಗೆ ರ‍್ಯಾಕೆಟ್ ಕೊಟ್ಟು, ಆಡಲಿಕ್ಕೆ ಒಂದು ಜಾಗ ಬಿಟ್ಟುಕೊಡಬೇಕಲ್ವಾ?

ರಚನೋಕ್ ಆಟದಲ್ಲಿ ಅವಸರವೇ ಕಾಣುವುದಿಲ್ಲ. ಮಣಿಕಟ್ಟು ಒಂಚೂರು ತಿರುಗುತ್ತದೆ, ಶಟಲ್ ನೆಟ್ ದಾಟಿ ಅಲ್ಲೇ ಬಿದ್ದಿರುತ್ತದೆ. ಆಮೇಲೆ ಅವಳಿಗೆ ಇನ್ನೊಂದು ವಿಶ್ವ ಕಿರೀಟ ಸಿಗಲಿಲ್ಲ. 2016ರಲ್ಲಿ ಸೂಪರ್ ಸೀರೀಸ್ ಅನ್ನುವ ದೊಡ್ಡ ಟೂರ್ನಿಗಳನ್ನು ಸಾಲಾಗಿ 3 ಗೆದ್ದು ಸ್ವಲ್ಪ ಕಾಲ ನಂಬರ್ ಒನ್ ಆದಳು. ಆದರೆ ಬಾಗಿಲು ತೆಗೆದವಳು ಅವಳೇ.

ಆ ಬಾಗಿಲಿನಿಂದ ಮುಂದಿನ ವರ್ಷವೇ ನುಗ್ಗಿದವಳು ಕೆರೊಲಿನಾ ಮರಿನ್. ಸ್ಪೇನ್‌ನಲ್ಲಿ ಯಾರು ಶಟಲ್ ಆಡುತ್ತಾರೆ? ಅಲ್ಲಿ ಫುಟ್ಬಾಲ್, ಟೆನಿಸ್. ಉಯೆಲ್ವಾ ಅನ್ನುವ ಊರಿನ ಈ ಹುಡುಗಿ ಚಿಕ್ಕವಳಿದ್ದಾಗ ಫ್ಲಮೆಂಕೊ ನೃತ್ಯ ಕಲಿಯುತ್ತಿದ್ದಳು. ಗೆಳತಿಯ ಜೊತೆ ಹೋಗಿ ರ‍್ಯಾಕೆಟ್ ಹಿಡಿದಳು. 14ಕ್ಕೆ ಮನೆ ಬಿಟ್ಟು ಮ್ಯಾಡ್ರಿಡ್‌ಗೆ ಬಂದು ಫರ್ನಾಂಡೊ ರಿವಾಸ್ ಅನ್ನುವ ಕೋಚ್ ಹತ್ತಿರ ಸೇರಿದಳು. ಏಷ್ಯಾದ ಶೈಲಿಯನ್ನು ನಕಲು ಮಾಡಲು ಅವರಿಬ್ಬರೂ ಹೋಗಲಿಲ್ಲ. ವೇಗ, ಎಡಗೈ, ಕಿರುಚಾಟ. ಪಾಯಿಂಟ್ ಮುಗಿದ ಮೇಲೆ ಎದುರಾಳಿಗೆ ಉಸಿರಾಡಲು ಸಮಯ ಕೊಡದೆ ಮತ್ತೆ ಸರ್ವ್‌ಗೆ ಸಿದ್ಧ. 2014ರಲ್ಲಿ ಅವಳು ಲಿ ಶುಯೆರುಯಿಯನ್ನೇ ಸೋಲಿಸಿ ವಿಶ್ವ ಚಾಂಪಿಯನ್ ಆದಳು. 2015ರಲ್ಲಿ ಜಕಾರ್ತಾದಲ್ಲಿ ನಮ್ಮ ಸೈನಾ ನೆಹ್ವಾಲ್‌ಳನ್ನು ಸೋಲಿಸಿ ಮತ್ತೊಮ್ಮೆ, 2018ರಲ್ಲಿ ಮೂರನೇ ಸಲ.

ಸೈನಾ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಚೀನಾದ ಗೋಡೆ ಗಟ್ಟಿಯಿದ್ದ ಕಾಲದಲ್ಲಿ ಅದಕ್ಕೆ ಒಬ್ಬಳೇ ತಲೆ ಕೊಟ್ಟು ಗುದ್ದಿದವಳು ಅವಳು. 2014ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಬಿಟ್ಟು ಬೆಂಗಳೂರಿಗೆ ಬಂದು ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ವಿಮಲ್ ಕುಮಾರ್ ಅವರ ಹತ್ತಿರ ಅಭ್ಯಾಸ ಶುರು ಮಾಡಿದಳು. ಅದೇ ವರ್ಷ ಚೀನಾ ಓಪನ್ ಗೆದ್ದಳು. 2015ರ ಏಪ್ರಿಲ್ ಹೊತ್ತಿಗೆ ವಿಶ್ವದ ನಂಬರ್ ಒನ್. ಭಾರತದ ಬೇರೆ ಯಾವ ಮಹಿಳೆಯೂ ಸಿಂಗಲ್ಸ್‌ನಲ್ಲಿ ಆ ಜಾಗ ತಲುಪಿಲ್ಲ. ಸಿಂಧು ಪದಕಗಳ ಹೊಳಪಿನಲ್ಲಿ ನಾವು ಇದನ್ನು ಸ್ವಲ್ಪ ಮರೆತಿದ್ದೇವೆ ಅಂತ ನನಗೆ ಅನ್ನಿಸುತ್ತದೆ.

ಇನ್ನು ರಿಯೊ ಒಲಿಂಪಿಕ್ಸ್ ಫೈನಲ್, ಸಿಂಧು ಮತ್ತು ಮರಿನ್. 2016ರ ಆಗಸ್ಟ್ 19, ಶುಕ್ರವಾರ ಸಂಜೆ. ಎಂದೂ ಶಟಲ್ ನೋಡದವರೂ ಅವತ್ತು ಟಿವಿ ಮುಂದೆ ಕೂತಿದ್ದರು. ಸಿಂಧು ಮೊದಲ ಗೇಮ್ 21-19ರಲ್ಲಿ ಗೆದ್ದಾಗ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. ಆಮೇಲೆ ಮರಿನ್ 21-12, 21-15. ಮ್ಯಾಚ್ ಮುಗಿದದ್ದೇ ಮರಿನ್ ನೆಲಕ್ಕೆ ಬಿದ್ದು ಅಳತೊಡಗಿದಳು. ಸೋತ ಸಿಂಧು ನೆಟ್ ಈಚೆ ಬಂದು ಅವಳನ್ನು ತಬ್ಬಿದಳು. ಕೋರ್ಟ್ ಮೇಲೆ ಬಿದ್ದಿದ್ದ ಮರಿನ್ ರ‍್ಯಾಕೆಟ್ಟನ್ನು ಎತ್ತಿಟ್ಟಳು. ಆಮೇಲೆ ಮರಿನ್ ಕಿರುಚಾಟದ ಬಗ್ಗೆ ಎಷ್ಟೋ ಜನ ಬೈದರು. ನನಗೆ ಮಾತ್ರ ಅವಳು ಆ ರಾತ್ರಿಯೇ ಇಷ್ಟವಾದಳು. ಈ ಆಟಕ್ಕೆ ಏನೇನೂ ಹೆಸರಿಲ್ಲದ ದೇಶದಿಂದ ಬಂದು ಚಿನ್ನ ಗೆಲ್ಲುವುದು ಅಂದರೆ ಸುಮ್ನೆ ಅಲ್ಲ.

ಆಟದ ಬಗ್ಗೆಯೇ ಸ್ವಲ್ಪ ಹೇಳುತ್ತೇನೆ. ಸಿಂಗಲ್ಸ್ ಕೋರ್ಟಿನ ಅಗಲ 5.18 ಮೀಟರ್. ನಮ್ಮ ಪಾಲಿಗೆ ಬರುವ ಅರ್ಧದ ಉದ್ದ 6.7 ಮೀಟರ್. ಟಿವಿಯಲ್ಲಿ ನೋಡಿದರೆ ಚಿಕ್ಕ ಜಾಗ. ಬೆಳಗ್ಗೆ ಬಡಾವಣೆಯ ಕೋರ್ಟಿಗೆ ಹೋಗಿ ಒಂದು ಗೇಮ್ ಸಿಂಗಲ್ಸ್ ಆಡಿದವರಿಗೆ ಗೊತ್ತು ಅದು ಎಷ್ಟು ದೊಡ್ಡದು ಅಂತ. ನೆಟ್ ಹತ್ತಿರ ಬಗ್ಗಿ ಶಟಲ್ ಎತ್ತಿದ ಮರುಕ್ಷಣ ಅದು ತಲೆ ಮೇಲಿಂದ ಹಿಂದಿನ ಬ್ಯಾಕ್‌ಹ್ಯಾಂಡ್ ಮೂಲೆಗೆ ಹೋಗಿರುತ್ತದೆ. ಹಿಂದಕ್ಕೆ ಓಡಿ, ಹಾರಿ, ಹೊಡೆದು, ಒಂದೇ ಕಾಲಿನ ಮೇಲೆ ಇಳಿದು, ಮತ್ತೆ ಮುಂದೆ ಬರಬೇಕು.

ಪುರುಷರ ಸಿಂಗಲ್ಸ್‌ನಲ್ಲಿ ಒಂದು ಒಳ್ಳೆ ಸ್ಮ್ಯಾಶ್‌ಗೆ ರ‍್ಯಾಲಿ ಮುಗಿಯುವುದು ಜಾಸ್ತಿ. ಮಹಿಳೆಯರ ಆಟದಲ್ಲಿ ಅಷ್ಟು ಸಲೀಸಾಗಿ ಮುಗಿಯುವುದಿಲ್ಲ. ಪಾಯಿಂಟನ್ನು ಕಟ್ಟಬೇಕು. ಒಂದು ಟಾಸ್ ಹಿಂದಕ್ಕೆ, ಒಂದು ಡ್ರಾಪ್ ಮುಂದಕ್ಕೆ, ಮತ್ತೆ ಎದುರು ಮೂಲೆಗೆ. ಎದುರಿನವಳ ಕಾಲು ಅರ್ಧ ಹೆಜ್ಜೆ ತಡವಾಗುವವರೆಗೆ ಕಾಯಬೇಕು. ಆ ಅರ್ಧ ಹೆಜ್ಜೆ ಕಂಡಾಗ ಹೊಡೆಯಬೇಕು. ಹಿಂದೆ ಮಹಿಳೆಯರ ಗೇಮ್ 11 ಪಾಯಿಂಟಿನದು, ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟ್. 2006ರಲ್ಲಿ 21 ಪಾಯಿಂಟಿನ ಪದ್ಧತಿ ಬಂತು, ಯಾರು ರ‍್ಯಾಲಿ ಗೆದ್ದರೂ ಪಾಯಿಂಟ್. ಆಮೇಲೆ ಸರ್ವ್ ಕಳೆದುಕೊಂಡರೆ ಹೋಗಲಿ ಅನ್ನುವ ಹಾಗೇ ಇಲ್ಲ. ಪ್ರತಿ ರ‍್ಯಾಲಿಗೂ ಬೆಲೆ ಬಂತು.

ಆ ಬೆಲೆ ಎಷ್ಟು ಅಂತ ಗೊತ್ತಾಗಬೇಕಾದರೆ ಗ್ಲಾಸ್ಗೊದ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ನೋಡಬೇಕು. 2017ರ ಆಗಸ್ಟ್. ಸಿಂಧು ಮತ್ತು ಜಪಾನಿನ ನೊಜೊಮಿ ಒಕುಹರಾ. ಒಬ್ಬಳು ಆರಡಿಗೆ ಹತ್ತಿರ, ಇನ್ನೊಬ್ಬಳು ಅವಳ ಭುಜದ ಹತ್ತಿರ ಬರುತ್ತಾಳೆ. ಒಕುಹರಾ ಕೋರ್ಟಿಗೆ ಇಳಿಯುವ ಮುಂಚೆ ಬಗ್ಗಿ ನಮಸ್ಕರಿಸುತ್ತಾಳೆ, ಅದು ಅವಳ ಪದ್ಧತಿ. ಅವಳಿಗೆ ಸಿಂಧುವಿನ ಸ್ಮ್ಯಾಶ್ ಇಲ್ಲ, ತೈವಾನಿನ ತೈ ಜು ಯಿಂಗ್‌ಳ ಕೈಚಳಕ ಇಲ್ಲ. ಇರುವುದು ಕಾಲು. ಎಲ್ಲಿ ಹೊಡೆದರೂ ಅಲ್ಲಿರುತ್ತಾಳೆ.

ಮೊದಲ ಗೇಮ್ ಒಕುಹರಾಗೆ, 21-19. ಎರಡನೆಯದರಲ್ಲಿ ಸಿಂಧು 21-20ರಿಂದ ಮುಂದಿದ್ದಳು, ಗೇಮ್ ಪಾಯಿಂಟ್. ಆಗ ಶುರುವಾದ ರ‍್ಯಾಲಿ 73 ಹೊಡೆತದವರೆಗೆ ಹೋಯಿತು. ಸಿಂಧು ಹಿಂದಿನ ಮೂಲೆಗೆ ತಳ್ಳುತ್ತಾಳೆ, ಒಕುಹರಾ ಎತ್ತಿ ಕಳಿಸುತ್ತಾಳೆ. ಡ್ರಾಪ್ ಹಾಕುತ್ತಾಳೆ, ಅದನ್ನೂ ಎತ್ತುತ್ತಾಳೆ. ಸ್ವಲ್ಪ ಹೊತ್ತಾದ ಮೇಲೆ ಇಬ್ಬರೂ ಸ್ಮ್ಯಾಶ್ ಮಾಡುವುದನ್ನೇ ಬಿಟ್ಟಂತೆ ಕಾಣುತ್ತದೆ. ಶಕ್ತಿ ಉಳಿದಿಲ್ಲ, ಆದರೆ ಶಟಲ್ ಬೀಳಲು ಬಿಡುವುದಿಲ್ಲ. ಪ್ರೇಕ್ಷಕರು ಮೊದಲು ಚಪ್ಪಾಳೆ ಹೊಡೆಯುತ್ತಿದ್ದರು, ಆಮೇಲೆ ಒಂದೊಂದು ಹೊಡೆತಕ್ಕೂ ಕೂಗತೊಡಗಿದರು. ಕೊನೆಗೆ ಆ ಪಾಯಿಂಟ್ ಸಿಂಧುವಿಗೆ ಬಂತು, ಗೇಮ್ 22-20. ಗೆದ್ದವಳಿಗೂ ನಿಲ್ಲಲು ಆಗುತ್ತಿರಲಿಲ್ಲ, ಸೋತವಳಿಗೂ ಆಗುತ್ತಿರಲಿಲ್ಲ. ಇನ್ನೂ ಒಂದು ಇಡೀ ಗೇಮ್ ಬಾಕಿ ಇತ್ತು. ಅದೂ 20-20ರವರೆಗೆ ಹೋಯಿತು. 22-20ರಲ್ಲಿ ಒಕುಹರಾ ಗೆದ್ದಳು. ಒಟ್ಟು 110 ನಿಮಿಷ. ಪೋಡಿಯಂ ಮೇಲೆ ಸಿಂಧು ಬೆಳ್ಳಿಯೊಂದಿಗೆ, ಸೈನಾ ಕಂಚಿನೊಂದಿಗೆ. ಇಬ್ಬರು ಭಾರತೀಯರು ಒಟ್ಟಿಗೆ ನಿಂತ ಸಂತೋಷವೂ ಆ ರಾತ್ರಿ ನನಗೆ ಸಾಕಾಗಲಿಲ್ಲ.

2 ವರ್ಷದ ನಂತರ ಬಾಸೆಲ್‌ನಲ್ಲಿ ಅದೇ ಇಬ್ಬರು ಮತ್ತೆ ಫೈನಲ್‌ನಲ್ಲಿ ಎದುರಾದರು. ಈ ಸಲ 21-7, 21-7. ಬರೀ 38 ನಿಮಿಷ. ಸಿಂಧು ಮೊದಲ ಶಟಲ್‌ನಿಂದಲೇ ಹೊಡೆಯಲು ನಿಂತಳು, ರ‍್ಯಾಲಿ ಉದ್ದ ಆಗಲು ಬಿಡಲೇ ಇಲ್ಲ. ಗ್ಲಾಸ್ಗೊದ ಉತ್ತರ ಅದು. 2013, 2014ರಲ್ಲಿ ಕಂಚು, 2017, 2018ರಲ್ಲಿ ಬೆಳ್ಳಿ, 2019ರಲ್ಲಿ ಚಿನ್ನ. ಅವಳು ಹತ್ತಿದ ಮೆಟ್ಟಿಲುಗಳು ಹೀಗಿವೆ. ಫೈನಲ್‌ನಲ್ಲಿ ಸೋಲುವವಳು ಅಂತ ಆಡಿಕೊಂಡವರು ಈ ಪಟ್ಟಿಯನ್ನು ಪೂರ್ತಿ ಓದಬೇಕು.

ತೈ ಜು ಯಿಂಗ್ ಬಗ್ಗೆ ಬರೆಯಲು ಕೂತರೆ ನಾನು ನಿಲ್ಲಿಸುವುದು ಕಷ್ಟ. ತೈವಾನಿನ ಕಾವೊಸಿಯುಂಗ್‌ನವಳು, ಅಗ್ನಿಶಾಮಕ ದಳದಲ್ಲಿದ್ದವರ ಮಗಳು. ಒಟ್ಟು 214 ವಾರ ವಿಶ್ವದ ನಂಬರ್ ಒನ್ ಆಗಿದ್ದಳು. 2025ರ ನವೆಂಬರ್‌ನಲ್ಲಿ ಅವಳು ನಿವೃತ್ತಿ ಹೇಳಿದಾಗ ಮಹಿಳಾ ಸಿಂಗಲ್ಸ್‌ನಲ್ಲಿ ಅಷ್ಟು ವಾರ ಮೇಲಿದ್ದವರು ಬೇರೆ ಯಾರೂ ಇರಲಿಲ್ಲ. ಆಲ್ ಇಂಗ್ಲೆಂಡ್ 3 ಸಲ ಗೆದ್ದಿದ್ದಾಳೆ. ಆದರೆ ವಿಶ್ವ ಚಾಂಪಿಯನ್‌ಷಿಪ್ ಇಲ್ಲ, ಒಲಿಂಪಿಕ್ ಚಿನ್ನವೂ ಇಲ್ಲ.

ಪದಕದ ಪಟ್ಟಿಯೇ ಎಲ್ಲ ಅಂತ ನಂಬುವವರಿಗೆ ತೈ ಅರ್ಥ ಆಗುವುದಿಲ್ಲ. ಅವಳು ಹಿಂದಿನ ಗೆರೆಯಲ್ಲಿ ರ‍್ಯಾಕೆಟ್ ಎತ್ತಿ ನಿಂತಾಗ ಗಮನಿಸಿ. ಭುಜ, ಮೊಣಕೈ, ರ‍್ಯಾಕೆಟ್ ಎಲ್ಲವೂ ಸ್ಮ್ಯಾಶ್ ಅನ್ನುತ್ತಿರುತ್ತವೆ. ಎದುರಿನವಳು ಹಿಂದಕ್ಕೆ ವಾಲುತ್ತಾಳೆ. ಕೊನೆ ಗಳಿಗೆಯಲ್ಲಿ ತೈ ಬೆರಳು ಸಡಿಲಿಸುತ್ತಾಳೆ, ಶಟಲ್ ನೆಟ್ ಮೇಲಿಂದ ಹರಿದು ಇಳಿಯುತ್ತದೆ. ಮುಂದಿನ ಸಲ ಅದೇ ನಿಲುವು, ಅದೇ ತೋಳು. ಈ ಸಲ ಡ್ರಾಪ್ ಅಂತ ಎದುರಿನವಳು ಮುಂದೆ ಬಂದರೆ ಶಟಲ್ ಅವಳ ತಲೆ ಮೇಲಿಂದ ಹಿಂದಕ್ಕೆ ಹೋಗಿರುತ್ತದೆ. ವಿಶ್ವದ ಮೊದಲ ಐದರಲ್ಲಿದ್ದ ಆಟಗಾರ್ತಿಯರು ಕೋರ್ಟಿನ ನಡುವೆ ನಿಂತಲ್ಲೇ ನಿಂತು ಶಟಲ್ ಬೀಳುವುದನ್ನು ನೋಡಿದ್ದು ನಾನು ಎಷ್ಟೋ ಸಲ ಕಂಡಿದ್ದೇನೆ. ಇಂಥ ಆಟಕ್ಕೆ ತಪ್ಪುಗಳೂ ಜಾಸ್ತಿ. ಗೆರೆಯ ಹತ್ತಿರ ಆಡಿದರೆ ಕೆಲವು ಹೊರಗೆ ಹೋಗುತ್ತವೆ. ಟೋಕಿಯೊ ಫೈನಲ್‌ನಲ್ಲಿ ಚೆನ್ ಯು ಫೀ ಎದುರು ಮೂರನೇ ಗೇಮ್ 21-18ರಲ್ಲಿ ಕೈ ತಪ್ಪಿತು. ಚೆನ್ ತಾಳ್ಮೆಯವಳು. ತಪ್ಪು ಮಾಡದೆ ಕಾಯುವುದೇ ಅವಳ ಆಟ.

ಆ ಫೈನಲ್‌ಗೆ ಬರುವ ದಾರಿಯಲ್ಲಿ ತೈ ಸೋಲಿಸಿದ್ದು ಸಿಂಧುವನ್ನು. ಮರುದಿನ ಪದಕ ಕೊಟ್ಟ ಮೇಲೆ ಕಂಚಿನವಳು ಬೆಳ್ಳಿಯವಳ ಹತ್ತಿರ ಓಡಿ ಹೋಗಿ ತಬ್ಬಿಕೊಂಡಳು, ಮುಖ ಹಿಡಿದು ಸಮಾಧಾನ ಹೇಳಿದಳು. ಆ ಮಾತಿಗೆ ಅಳು ಬಂತು ಅಂತ ತೈ ಆಮೇಲೆ ಬರೆದುಕೊಂಡಳು. ರಿಯೊದಲ್ಲಿ ಅದೇ ಬೆಳ್ಳಿ ಹಿಡಿದು ನಿಂತಿದ್ದ ಸಿಂಧುವಿಗೆ ಆ ನೋವು ಯಾರೂ ಹೇಳಿಕೊಡಬೇಕಿರಲಿಲ್ಲ.

ಈ ಹತ್ತು ವರ್ಷ ಅಷ್ಟು ಸೊಗಸಾಗಿದ್ದದ್ದು ಯಾಕೆ ಅಂತ ನಾನು ಬಹಳ ಯೋಚಿಸಿದ್ದೇನೆ. ಒಂದೇ ದೇಶ, ಒಂದೇ ತರಬೇತಿ ಕೇಂದ್ರ, ಒಂದೇ ಅಚ್ಚು ಅಂತ ಇದ್ದಾಗ ಆಟವೂ ಒಂದೇ ಥರ ಇರುತ್ತಿತ್ತು. ಇವರು ಬಂದದ್ದು ಬೇರೆ ಬೇರೆ ಕಡೆಯಿಂದ. ಹೀಗೇ ಆಡಬೇಕು ಅಂತ ಮರಿನ್‌ಗೆ ಹೇಳಲು ಸ್ಪೇನ್‌ನಲ್ಲಿ ಹಿಂದಿನವರು ಯಾರೂ ಇರಲಿಲ್ಲ. ತೈಗೆ ಅವಳ ಕೈಯೇ ಗುರು. ಜಪಾನಿನ ಫುಕುಯಿ ಪ್ರಾಂತ್ಯದ ಕತ್ಸುಯಾಮಾ ಅನ್ನುವ ಚಿಕ್ಕ ಊರಿನ ಅಕಾನೆ ಯಮಾಗುಚಿ ಬರೀ 156 ಸೆಂಟಿಮೀಟರ್ ಎತ್ತರ. ಅವಳು ಆ ಎತ್ತರಕ್ಕೆ ಹೊಂದುವ ಆಟ ಕಟ್ಟಿಕೊಂಡಳು, ಹಾರಿ ಹೊಡೆಯುತ್ತಾಳೆ, ಡೈವ್ ಮಾಡಿ ಎತ್ತುತ್ತಾಳೆ. 2021ರಲ್ಲಿ ಮರಿನ್‌ಳ ಹುಟ್ಟೂರು ಉಯೆಲ್ವಾದಲ್ಲಿ ತೈಯನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದಳು, 2022ರಲ್ಲಿ ಟೋಕಿಯೊದಲ್ಲಿ ಮತ್ತೆ. ಒಬ್ಬಳನ್ನು ಸೋಲಿಸಲು ಕಲಿತ ಆಟ ಇನ್ನೊಬ್ಬಳ ಮುಂದೆ ನಡೆಯುತ್ತಿರಲಿಲ್ಲ. ಅದಕ್ಕೇ ಯಾರೂ ಬಹಳ ಕಾಲ ಮೇಲೆ ಕೂರಲಾಗಲಿಲ್ಲ. ಗಟ್ಟಿ ಚಾಂಪಿಯನ್ ಇಲ್ಲದ ಕಾಲ ಅಂತ ಕೆಲವರು ಇದನ್ನು ಹಗುರ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಚಾಂಪಿಯನ್ನರು ಜಾಸ್ತಿ ಇದ್ದ ಕಾಲ ಅದು.

ಆ ಕಾಲದ ಲೆಕ್ಕವನ್ನು ಮೊಣಕಾಲುಗಳು ತೆತ್ತವು.

ಒಲಿಂಪಿಕ್ಸ್ ಕಂಚಿನ ಪದಕಗಳನ್ನೇ ತೆಗೆದುಕೊಳ್ಳಿ. 2012, ಲಂಡನ್. ಸೈನಾ ಎದುರು ಮೊದಲ ಗೇಮ್ ಗೆದ್ದಿದ್ದ ಚೀನಾದ ವಾಂಗ್ ಶಿನ್ ಮೊಣಕಾಲು ಹಿಡಿದು ಕೂತಳು, ಆಡಲಾಗದೆ ಬಿಟ್ಟಳು. 2016, ರಿಯೊ. ಮರಿನ್ ಎದುರಿನ ಸೆಮಿಫೈನಲ್‌ನಲ್ಲಿ ಲಿ ಶುಯೆರುಯಿಯ ಮೊಣಕಾಲು ಹೋಯಿತು. ಒಕುಹರಾಗೆ ಆಡದೆಯೇ ಕಂಚು ಬಂತು. 2024, ಪ್ಯಾರಿಸ್. ಮರಿನ್‌ಳ ಮೊಣಕಾಲು. ಇಂಡೋನೇಷ್ಯಾದ ಗ್ರೆಗೋರಿಯಾ ಮರಿಸ್ಕಾ ತುಂಜುಂಗ್‌ಗೆ ಆಡದೆಯೇ ಕಂಚು. 4 ಒಲಿಂಪಿಕ್ಸ್‌ಗಳಲ್ಲಿ 3 ಕಂಚು ಹೀಗೆ ಬಂದವು. ಕೊನೆಯ ಪಾಯಿಂಟ್‌ವರೆಗೂ ಆಡಿ ಮುಗಿಸಿದ ಕಂಚಿನ ಮ್ಯಾಚ್ ಅಂದರೆ ಟೋಕಿಯೊದ್ದು ಮಾತ್ರ, ಸಿಂಧು ಚೀನಾದ ಹೆ ಬಿಂಗ್ಜಿಯಾವೊಳನ್ನು ಸೋಲಿಸಿದ್ದು. ಇದನ್ನು ಕಾಕತಾಳೀಯ ಅಂತ ಬಿಟ್ಟುಬಿಡಲು ನನಗೆ ಆಗುವುದಿಲ್ಲ.

ಬ್ಯಾಕ್‌ಹ್ಯಾಂಡ್ ಮೂಲೆಗೆ ಹಿಂದಕ್ಕೆ ಓಡಿ, ತಲೆ ಮೇಲಿಂದ ಹೊಡೆದು, ರ‍್ಯಾಕೆಟ್ ಹಿಡಿಯದ ಕಡೆಯ ಕಾಲಿನ ಮೇಲೆ ಇಳಿಯುವ ಆ ಕ್ಷಣವೇ ಅಪಾಯದ್ದು. ಇಡೀ ದೇಹದ ಭಾರ ಒಂದು ಮೊಣಕಾಲಿನ ಮೇಲೆ, ಅದೂ ತಿರುಚಿಕೊಂಡು. ಮರಿನ್ ಎಡಗೈ ಆಟಗಾರ್ತಿ. 2019ರ ಜನವರಿಯಲ್ಲಿ ಜಕಾರ್ತಾದ ಫೈನಲ್‌ನಲ್ಲಿ ಸೈನಾ ಎದುರು ಆಡುವಾಗ ಅವಳ ಬಲ ಮೊಣಕಾಲಿನ ಲಿಗಮೆಂಟ್ ಹರಿಯಿತು. 2021ರಲ್ಲಿ ಎಡಗಾಲಿನದು, ಟೋಕಿಯೊ ಒಲಿಂಪಿಕ್ಸ್ ಕೈತಪ್ಪಿತು. ಎರಡು ಸಲವೂ ತಿರುಗಿ ಬಂದಳು. 2024ರಲ್ಲಿ ಆಲ್ ಇಂಗ್ಲೆಂಡ್ ಗೆದ್ದಳು. ಪ್ಯಾರಿಸ್ ಸೆಮಿಫೈನಲ್‌ನಲ್ಲಿ ಹೆ ಬಿಂಗ್ಜಿಯಾವೊ ಎದುರು ಮೊದಲ ಗೇಮ್ 21-14, ಎರಡನೆಯದರಲ್ಲೂ ಮುಂದೆ. ಆಗ ಮತ್ತೆ ಬಲಗಾಲು. ಪಟ್ಟಿ ಕಟ್ಟಿಕೊಂಡು ಬಂದು ಆಡಲು ನೋಡಿದಳು. ಆಗಲಿಲ್ಲ. ಕೋರ್ಟ್ ಮೇಲೆ ಮಂಡಿಯೂರಿ ಬಿಕ್ಕಿ ಬಿಕ್ಕಿ ಅತ್ತಳು. ಹೆ ಬಿಂಗ್ಜಿಯಾವೊ ಮರುದಿನ ಫೈನಲ್‌ನಲ್ಲಿ ಸೋತು ಬೆಳ್ಳಿ ತೆಗೆದುಕೊಳ್ಳಲು ಪೋಡಿಯಂ ಹತ್ತಿದಾಗ ಅವಳ ಕೈಯಲ್ಲಿ ಸ್ಪೇನ್‌ನ ಒಂದು ಪುಟ್ಟ ಪಿನ್ ಇತ್ತು. ಪದಕದ ಪಕ್ಕದಲ್ಲಿ ಅದನ್ನು ಹಿಡಿದು ಫೋಟೊಗೆ ನಿಂತಳು.

ಆ ಫೋಟೊ ಜಗತ್ತೆಲ್ಲ ಹರಿದಾಡಿತು, ಎಲ್ಲರೂ ಕ್ರೀಡಾ ಮನೋಭಾವ ಅಂದರು. ಹೌದು. ಆದರೆ ನನ್ನ ಮನಸ್ಸು ಕ್ಯಾಲೆಂಡರ್ ಕಡೆ ಹೋಗುತ್ತದೆ. 2018ರಿಂದ ಮೊದಲ 15 ರ‍್ಯಾಂಕಿನ ಸಿಂಗಲ್ಸ್ ಆಟಗಾರರು ವರ್ಷಕ್ಕೆ ಕನಿಷ್ಠ 12 ಟೂರ್ನಿ ಆಡಲೇಬೇಕು ಅನ್ನುವ ನಿಯಮ ಬಂತು. ತಪ್ಪಿಸಿದರೆ ದಂಡ. ಜೊತೆಗೆ ರಾಷ್ಟ್ರೀಯ ತಂಡದ ಟೂರ್ನಿಗಳು. ರ‍್ಯಾಂಕಿಂಗ್ ಲೆಕ್ಕ ಹಾಕುವುದು 52 ವಾರದ ಅತ್ಯುತ್ತಮ 10 ಫಲಿತಾಂಶಗಳ ಮೇಲೆ, ಹಾಗಾಗಿ ವಿಶ್ರಾಂತಿ ತೆಗೆದುಕೊಂಡರೆ ಕೆಳಗೆ ಜಾರುತ್ತಾರೆ. ಒಂದು ವಾರ ಮಲೇಷ್ಯಾ, ಮುಂದಿನ ವಾರ ದೆಹಲಿ, ಅದರ ಮುಂದಿನ ವಾರ ಜಕಾರ್ತಾ. ವಿಮಾನ, ಹೋಟೆಲ್, ಕೋರ್ಟ್. ಮೊಣಕಾಲಿಗೆ ರಜೆ ಎಲ್ಲಿ?

ಈ ಪ್ರಶ್ನೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವಳು ದಕ್ಷಿಣ ಕೊರಿಯಾದ ಆನ್ ಸೆ ಯಂಗ್. ಗ್ವಾಂಗ್ಜುವಿನವಳು, 2002ರಲ್ಲಿ ಹುಟ್ಟಿದವಳು. ಇನ್ನೂ ಶಾಲೆಯಲ್ಲಿದ್ದಾಗಲೇ, 15ನೇ ವಯಸ್ಸಿಗೆ, ಆಯ್ಕೆ ಪಂದ್ಯಗಳಲ್ಲಿ ದೊಡ್ಡವರನ್ನು ಸೋಲಿಸಿ ರಾಷ್ಟ್ರೀಯ ತಂಡ ಸೇರಿದಳು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಚೆನ್ ಯು ಫೀ ಅವಳನ್ನು ಮೊದಲ ಸುತ್ತಲ್ಲೇ ಮನೆಗೆ ಕಳಿಸಿದಳು. ಟೋಕಿಯೊ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲೂ ಅದೇ ಚೆನ್. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್. ಚೆನ್ ಹುಟ್ಟಿದ ಊರು ಅದು. ಮೊದಲ ಗೇಮ್‌ನಲ್ಲೇ ಆನ್‌ಳ ಬಲ ಮೊಣಕಾಲಿಗೆ ಪೆಟ್ಟಾಯಿತು. ಬಿಟ್ಟುಬಿಡು, ಪರವಾಗಿಲ್ಲ ಅಂತ ಗ್ಯಾಲರಿಯಿಂದ ಅಮ್ಮ ಕೂಗಿದರಂತೆ. ಅವಳು ಬಿಡಲಿಲ್ಲ. 21-18, 17-21, 21-8. ಕುಂಟುತ್ತಾ ಗೆದ್ದಳು. 1994ರಲ್ಲಿ ಬಾಂಗ್ ಸೂ ಹ್ಯುನ್ ಗೆದ್ದ ಮೇಲೆ ಏಷ್ಯನ್ ಗೇಮ್ಸ್‌ನ ಆ ಚಿನ್ನ ಕೊರಿಯಾಗೆ ಬಂದಿರಲಿಲ್ಲ.

ಪ್ಯಾರಿಸ್ ಒಲಿಂಪಿಕ್ಸ್ ಚಿನ್ನವೂ ಅವಳದ್ದೇ, ಫೈನಲ್ 21-13, 21-16. ಅದೂ ಬಾಂಗ್ 1996ರಲ್ಲಿ ಗೆದ್ದ ನಂತರ ಮೊದಲನೆಯದು. ದೇಶವೆಲ್ಲ ಸಂಭ್ರಮದಲ್ಲಿ ಇರುವಾಗ, ಕೊರಳಲ್ಲಿ ಚಿನ್ನ ಇನ್ನೂ ಹೊಸದಾಗಿರುವಾಗಲೇ, ಆ 22ರ ಹುಡುಗಿ ಪತ್ರಕರ್ತರ ಮುಂದೆ ನಿಂತು ಮಾತಾಡಿದಳು. ತನ್ನ ಮೊಣಕಾಲಿನ ಗಾಯ ಅಂದುಕೊಂಡದ್ದಕ್ಕಿಂತ ಗಂಭೀರವಾಗಿತ್ತು, ರಾಷ್ಟ್ರೀಯ ತಂಡ ಅದನ್ನು ಹಗುರವಾಗಿ ತೆಗೆದುಕೊಂಡಿತು, ಇದರಿಂದ ತುಂಬಾ ನಿರಾಸೆಯಾಗಿದೆ, ಇವರ ಜೊತೆ ಮುಂದುವರಿಯುವುದು ಕಷ್ಟ ಅನ್ನುವ ಅರ್ಥದಲ್ಲಿ. ಅಲ್ಲಿನ ಕ್ರೀಡಾ ಸಚಿವಾಲಯ ಬ್ಯಾಡ್ಮಿಂಟನ್ ಸಂಘದ ಬಗ್ಗೆ ತನಿಖೆ ಮಾಡಿತು. ಗೆದ್ದ ಗಳಿಗೆಯಲ್ಲಿ ಯಾಕೆ ಈ ಮಾತು, ಇನ್ನೊಂದು ದಿನ ಹೇಳಬಹುದಿತ್ತು ಅಂತ ಕೆಲವರು ಅಂದರು. ಸೋತವಳು ಹೇಳಿದರೆ ನೆಪ ಅನ್ನುತ್ತಾರೆ. ಗೆದ್ದಾಗ ಹೇಳದೆ ಅವಳು ಇನ್ಯಾವಾಗ ಹೇಳಬೇಕಿತ್ತು? ಅವಳ ಎಲ್ಲ ಗೆಲುವುಗಳಿಗಿಂತ ನನಗೆ ಆ ಮಾತಿನ ಮೇಲೆ ಗೌರವ ಜಾಸ್ತಿ.

ಈಗ ಆಟ ಮತ್ತೆ ಒಬ್ಬಳ ಕೈಗೆ ಹೋಗಿದೆ, ಬೇಜಾರು ಅನ್ನುವವರೂ ಇದ್ದಾರೆ. 2025ರಲ್ಲಿ ಆನ್ 11 ಪ್ರಶಸ್ತಿ ಗೆದ್ದಳು. ಒಂದೇ ವರ್ಷದಲ್ಲಿ 11 ಸಿಂಗಲ್ಸ್ ಪ್ರಶಸ್ತಿ ಅಂದರೆ 2019ರಲ್ಲಿ ಜಪಾನಿನ ಪುರುಷ ಆಟಗಾರ ಕೆಂಟೊ ಮೊಮೊಟಾ ಮಾಡಿದ್ದ ದಾಖಲೆಗೆ ಸಮ. ಚೀನಾದ ವಾಂಗ್ ಝಿಯಿ ಫೈನಲ್‌ನಿಂದ ಫೈನಲ್‌ಗೆ ಅವಳ ಕೈಲಿ ಸೋಲುತ್ತಾ ಹೋದಳು. ನನಗೆ ಬೇಜಾರು ಬರುವುದಿಲ್ಲ. ಆನ್‌ಳ ಆಟ ನೋಡುವಾಗ ಆ ಹಿಂದಿನ ಹತ್ತು ವರ್ಷವೇ ಅಲ್ಲಿ ಕಾಣುತ್ತದೆ. ತೈಯ ಮೋಸದ ಹೊಡೆತಕ್ಕೆ ಬೀಳದಿರಲು ಕೊನೆ ಗಳಿಗೆಯವರೆಗೂ ಕಾಲು ಎತ್ತದೆ ಕಾಯುವುದನ್ನು ಅವಳು ಕಲಿಯಬೇಕಾಯಿತು. ಮರಿನ್‌ಳ ವೇಗ ಮುರಿಯಲು ಶಟಲ್ಲನ್ನು ಎತ್ತರಕ್ಕೆ ಎತ್ತಿ ಆಟ ನಿಧಾನ ಮಾಡಬೇಕಾಯಿತು. ಸಿಂಧುವಿನ ಸ್ಮ್ಯಾಶ್ ತಿರುಗಿಸಲು ತುಂಬಾ ಕೆಳಗೆ ಬಗ್ಗಬೇಕಾಯಿತು. ಒಕುಹರಾ, ಚೆನ್ ಅವರಂಥವರ ಜೊತೆ ಉದ್ದದ ರ‍್ಯಾಲಿಯಲ್ಲಿ ಉಳಿಯಲು ಆ ಕಾಲು ಬೇಕಾಯಿತು. ಅವರಷ್ಟು ಜನರಿಗೂ ಉತ್ತರ ಹುಡುಕಿಕೊಂಡು ಬೆಳೆದವಳು ಅವಳು. ಸಿಂಧು ಅವಳ ಮುಂದೆ ಪದೇ ಪದೇ ಸೋತಿದ್ದನ್ನು ನೋಡಿ ನಮ್ಮವರಿಗೆ ನೋವಾಗುತ್ತದೆ, ನನಗೂ ಆಗುತ್ತದೆ. ಆದರೆ ಒಂದು ಸಲ ಬರೀ ಆನ್‌ಳ ಪಾದಗಳನ್ನೇ ನೋಡುತ್ತಾ ಒಂದು ಗೇಮ್ ಮುಗಿಸಿ. ಅವಳು ಓಡುವುದೇ ಕಾಣುವುದಿಲ್ಲ, ಶಟಲ್ ಬರುವ ಜಾಗದಲ್ಲಿ ಮೊದಲೇ ಇರುತ್ತಾಳೆ.

ಮತ್ತೆ ಅವಳೂ ಸೋಲುತ್ತಾಳೆ. 2025ರ ಆಗಸ್ಟ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಪ್ಯಾರಿಸ್‌ನಲ್ಲಿ ನಡೆಯಿತು, ಒಂದು ವರ್ಷದ ಹಿಂದೆ ಒಲಿಂಪಿಕ್ಸ್ ನಡೆದಿದ್ದ ಅದೇ ಒಳಾಂಗಣದಲ್ಲಿ. ಸಿಂಧು ಅಲ್ಲಿ ವಿಶ್ವದ ಎರಡನೇ ನಂಬರ್ ವಾಂಗ್ ಝಿಯಿಯನ್ನು ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿದಳು, 30 ದಾಟಿದ ವಯಸ್ಸಿನಲ್ಲಿ. 2023ರಿಂದ ಬೆಂಗಳೂರಿನ ಪಡುಕೋಣೆ-ದ್ರಾವಿಡ್ ಕೇಂದ್ರದಲ್ಲಿ ಪ್ರಕಾಶ್ ಅವರ ಮಾರ್ಗದರ್ಶನ ಪಡೆದಿದ್ದವಳು ಅವಳು. ಒಲಿಂಪಿಕ್ಸ್ ನಂತರ ಅವಳ ಕಥೆ ಮುಗಿಯಿತು ಅಂದವರು ಬಹಳ ಜನ ಇದ್ದರು. ಸೆಮಿಫೈನಲ್‌ನಲ್ಲಿ ಆನ್‌ಳನ್ನು ಸೋಲಿಸಿದವಳು ಯಾರು ಗೊತ್ತಾ? ಚೆನ್ ಯು ಫೀ. ಪ್ಯಾರಿಸ್ ಒಲಿಂಪಿಕ್ಸ್ ಸೋಲಿನ ನಂತರ ಆಟದಿಂದ ದೂರ ಉಳಿದು, ಆಸ್ಟ್ರೇಲಿಯಾಕ್ಕೆ ಹೋಗಿ ಸ್ವಲ್ಪ ಕಾಲ ಇದ್ದು, ಮನಸ್ಸು ಹಗುರ ಮಾಡಿಕೊಂಡು ತಿರುಗಿ ಬಂದಿದ್ದಳು. ರಜೆ ತೆಗೆದುಕೊಂಡವಳು ಹಾಗೆ ಬಂದು ಆಡಿದ್ದು ನೋಡಿ ನನಗೆ ಖುಷಿಯಾಯಿತು. ಫೈನಲ್‌ನಲ್ಲಿ ಅವಳ ಎದುರು ಅಕಾನೆ ಯಮಾಗುಚಿ. 21-9, 21-13. ಆ ಪುಟ್ಟ ಹುಡುಗಿಗೆ ಅದು ಮೂರನೇ ವಿಶ್ವ ಕಿರೀಟ, ಮರಿನ್‌ಳಷ್ಟೇ.

ಇನ್ನು ಜೂನಿಯರ್‌ಗಳ ಸರದಿ. 2025ರ ಅಕ್ಟೋಬರ್‌ನಲ್ಲಿ ಗುವಾಹಟಿಯಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್ ಆಯಿತು. ಪಂಜಾಬಿನ ತನ್ವಿ ಶರ್ಮಾ ಫೈನಲ್‌ಗೆ ಹೋಗಿ ಬೆಳ್ಳಿ ಗೆದ್ದಳು. 2008ರಲ್ಲಿ ಸೈನಾ ಚಿನ್ನ ಗೆದ್ದ ಮೇಲೆ ನಮ್ಮ ಹುಡುಗಿಯರು ಯಾರೂ ಆ ಫೈನಲ್ ಮುಟ್ಟಿರಲಿಲ್ಲ. ಅವಳನ್ನು ಸೋಲಿಸಿದವಳು ಒಬ್ಬ ಥಾಯ್ ಹುಡುಗಿ. ತನ್ವಿಯ ಕೈ ನೋಡಿ. ಡ್ರಾಪ್ ಅಂದುಕೊಂಡರೆ ಟಾಸ್, ಟಾಸ್ ಅಂದುಕೊಂಡರೆ ಡ್ರಾಪ್. ಅವಳ ಮ್ಯಾಚ್ ಇದ್ದ ದಿನ ನಾನು ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ.